ಒಂದು ಮೊಳದ ವಾಟ

ದಾರ ಗಾಳಿಗೆ ನಡುಗುತ್ತಿದೆ — ಕೆಮ್ಮಣ್ಣಿನಲ್ಲಿ ಅದ್ದಿದ ಕೆಂಪು ದಾರ, ಹೆಂಚಿಳಿಸಿ ಬಯಲಾದ ತನ್ನ ಮನೆಯ ಮೇಲೆ ಈ ತುದಿಯ ಗಳುವಿನಿಂದ ಆ ತುದಿಗೆ, ಗೋಡೆಗೆ ಗೋಡೆ ಅಂಟಿದ ಭಾವನ ಮನೆಯ ನೆತ್ತಿಗೆ ಮಟ್ಟ ಹಿಡಿಯಲು ಬಿಗಿದದ್ದು, ಸೊಪ್ಪಿನ ಮಂಕರಿ ಸೊಂಟದಲ್ಲಿಟ್ಟುಕೊಂಡು ಸುನಂದ ಅಂಗಳದಲ್ಲೇ ನಿಂತಳು, ರೇಷ್ಮೆಹುಳುಗಳು ಪೊರೆ ಕಳಚುವ ಮೂರನೇ ಜ್ವರ ಬಿಟ್ಟು ಎದ್ದಿವೆ, ಹಸಿದಿವೆ, ಹೋಗಬೇಕು, ಆದರೆ ಈ ಆವಲಪ್ಪನ ಕೆಲಸ ನೋಡುತ್ತ ನಿಂತರೆ ಕಾಲು ಕೀಳಲು ಮನಸ್ಸಾಗುವುದಿಲ್ಲ, ರಾಯಲ್ಪಾಡಿನ ಮುದುಕ ಬಡಗಿ, ಮೊಣಕಾಲು ಕಟಕಟ ಅಂದರೂ ಏಣಿ ಹತ್ತುವಾಗ ಬೆಕ್ಕು, ಎರಡು ಸಾವಿರ ಹೆಂಚು ಇಳಿಸಿದ, ಒಂದರ ಮೂಲೆಯೂ ಮುಕ್ಕಾಗಲಿಲ್ಲ, ತಾನು ಒಂದು ಮಡಕೆ ಇಳಿಸಿದರೂ ಕಂಠ ಹೋಗುತ್ತದೆ, ಮೊದಲ ದಿನ ಬಂದವನು ಮಾಡಿನ ಕಡೆ ತಲೆ ಕೂಡ ಎತ್ತಲಿಲ್ಲ, ಎರಡು ಹೆಂಚು, ಒಂದು ಚೊಂಬು ನೀರು ಕೊಡಿ ಅಂದ, ಒಂದರ ಅಂಚಿಗೆ ಇನ್ನೊಂದನ್ನು ಏರಿಸಿ ಕೈಮೇಲೆ ಮಲಗಿಸಿ ನೀರು ಹೊಯ್ದ, ನೀರು ತಡವರಿಸಿ ಸಂದಿಯೊಳಗೆ ಹಿಂದಕ್ಕೆ ನುಗ್ಗಿ ಅವನ ಮೊಳಕೈಯಿಂದ ತೊಟ್ಟಿಕ್ಕಿತು, ಆಮೇಲೆ ಕೈಯನ್ನು ಇನ್ನಷ್ಟು ಓರೆ ಮಾಡಿದ, ಸರ್ರನೆ ಓಡಿತು, ಚೂಡಮ್ಮಾ, ನೋಡಿ, ಅಂದ, ತಪ್ಪು ಹೆಂಚಿಂದಲ್ಲ, ವಾಟದ್ದು, ಮಾಡಿನ ಇಳಿಜಾರಿಂದು, ನಾಡಹೆಂಚಿನ ವಾಟದ ಮೇಲೆ ಮಾಲೂರು ಹೆಂಚು ಹೊದಿಸಿದೀರಿ, ನೆತ್ತಿ ಒಂದು ಮೊಳ ಏರ್ಬೇಕು, ಹದಿನಾರು ವರ್ಷ ಸೋರಿದಲ್ಲೆಲ್ಲ ಬೋಸಿ ಇಟ್ಟೂ ಇಟ್ಟೂ ತಿಳಿಯದ್ದು ಒಂದು ಚೊಂಬು ನೀರಿನಲ್ಲಿ ತಿಳಿದುಹೋಯಿತಲ್ಲ, ಅವನ ಹೊಟ್ಟೆ ತಣ್ಣಗಿರಲಿ.

ಒಂದು ಮೊಳ, ಅಷ್ಟೇ — ಆದರೆ ಏರಿದರೆ ಭಾವನ ನೆತ್ತಿ ದಾಟುತ್ತದೆ, ಅಣ್ಣನ ನೆತ್ತಿಗಿಂತ ತಮ್ಮನ ನೆತ್ತಿ ಏರಬಾರದು, ಯಾರು ಅಂದದ್ದು, ಅತ್ತೆ ಅಂದದ್ದು, ಇಡೀ ಕ್ಯಾಲನೂರೇ ಅನ್ನುತ್ತದೆ, ಹದಿನಾರು ವರ್ಷದ ಹಿಂದೆಯೂ ಅದಕ್ಕೇ ವಾಟ ಹಾಗೇ ಬಿಟ್ಟು ಬರೀ ಹೆಂಚು ಬದಲಾಯಿಸಿದ್ದು, ಸುಬ್ಬರಾಯಪ್ಪ ಭಾವನನ್ನು ಯಾರೂ ಒಂದು ಮಾತು ಕೇಳಲಿಲ್ಲ, ಕೇಳುವುದೇ ತಪ್ಪು ಅಂತ, ತನ್ನ ಗಂಡ ಮುನೇಶನಂತೂ ಈಗಲೂ ಕೇಳಲಾರ, ಅಣ್ಣನ ಮುಂದೆ ಅವನಿಗೆ ನಾಲಿಗೆಯೇ ಇಲ್ಲ, ನೆತ್ತಿ ಅಲ್ಲೇ ಇರ್ಲಿ, ಸೂರಿನ ಗೋಡೆ ಒಂದು ಮೊಳ ಇಳ್ಸು ಅಂದುಬಿಟ್ಟ, ಇಳಿಸ್ತೀನಿ, ಬಗ್ಗಿ ಓಡಾಡ್ತೀರಾ ಅಂದ ಆವಲಪ್ಪ, ಓಡಾಡ್ತೀವಿ ಅಂದ ಇವನು — ತಾವೇನೋ ಬಗ್ಗಬಹುದು, ಹುಳುವಿನ ತಟ್ಟೆ ಇಡುವ ಐದಂತಸ್ತಿನ ಸ್ಟ್ಯಾಂಡು ಬಗ್ಗುತ್ತದೆಯೇ, ಕೊಯ್ದು ಮೂರಂತಸ್ತು ಮಾಡಬೇಕು, ಐದರ ಬೆಳೆ ಮೂರಕ್ಕೆ ಇಳಿದರೆ ಮನೆ ನಡೆಯುವುದು ಹೇಗೆ, ಹೋದ ಮಳೆಗಾಲದಲ್ಲಿ ಸೋರಿ ಸೊಪ್ಪು ನೆಂದು ಗೂಡು ಕಟ್ಟುವ ಹೊತ್ತಿಗೆ ಹುಳುಗಳೆಲ್ಲ ಕಪ್ಪಾಗಿ ಜೋತುಬಿದ್ದಿದ್ದವು, ಅದೇ ಸಾಲದೇ, ತಾನೇ ಹೋಗಿ ಭಾವನನ್ನು ಕೇಳಲೇ, ಹೇಗೆ ಕೇಳುವುದು, ಮಾಡು ತೆಗೆದಾಗಿನಿಂದ ತನ್ನ ಹುಳುಗಳಿಗೆ ನಡುಮನೆ ಬಿಟ್ಟುಕೊಟ್ಟು ಅವರು ಜಗಲಿಯಲ್ಲಿ ಮಲಗುತ್ತಿದ್ದಾರೆ, ಬೀಡಿಯನ್ನೂ ಬಿಟ್ಟಿದ್ದಾರೆ, ಹುಳಕ್ಕೆ ಹೊಗೆ ಆಗಲ್ಲ ಕಣಮ್ಮ ಅಂತ, ಎಂಥ ಮನುಷ್ಯ, ಅಂಥವರ ಮುಂದೆ ನಿಂತು ನಿಮ್ಮ ನೆತ್ತಿ ಮೀರ್ತೀವಿ ಅನ್ನುವುದಕ್ಕೆ ತನಗಂತೂ ಬಾಯಿ ಬರುವುದಿಲ್ಲ.

ಧಪ್ — ಹಾರೆ ಗೋಡೆಗೆ ಬಿತ್ತು, ಗಾರೆ ಉದುರಿತು, ಮುನೇಶ ತಾನೇ ಹಾರೆ ಹಿಡಿದಿದ್ದಾನೆ, ಆವಲಪ್ಪ ನೋಡಲಾರದೆ ಮುಖ ತಿರುಗಿಸಿದ್ದಾನೆ, ದಾರ ಮತ್ತೆ ನಡುಗುತ್ತಿದೆ, ಈಗ ಗಾಳಿಗಲ್ಲ, ಆ ತುದಿಯಲ್ಲಿ ಯಾರೋ ಮುಟ್ಟುತ್ತಿದ್ದಾರೆ, ಭಾವ, ಎಪ್ಪತ್ತು ದಾಟಿದವರು ಪಂಚೆ ಎತ್ತಿ ಕಟ್ಟಿ ತಮ್ಮ ಮಾಡಿನ ಮೇಲೆ ಕೂತು ಗಂಟು ಬಿಚ್ಚುತ್ತಿದ್ದಾರೆ, ಕೆಲಸವೇ ಬೇಡ ಅನ್ನುತ್ತಾರೇನೋ, ಮಂಕರಿ ಜಾರಿ ಸೊಪ್ಪು ಚೆಲ್ಲಿತು — ಲೇ ಮುನೇಶ, ಹಾರೆ ಕೆಳಗಿಡೋ, ಗೋಡೆ ಏನ್ ತಪ್ಪು ಮಾಡ್ತು, ಮಾತು ಗೋಡೆಯಾಚೆ ಕೇಳ್ಸಲ್ಲ ಅಂದ್ಕೊಂಡ್ಯಾ, ನನ್ನ ಒಂದ್ ಮಾತು ಕೇಳಕ್ಕೆ ಹದಿನಾರು ವರ್ಷ ಸಾಲ್ದೇ ಹೋಯ್ತಾ ನಿಂಗೆ — ಮುನೇಶ ಹಾರೆ ಗೋಡೆಗೆ ಒರಗಿಸಿದ, ಭಾವ ಈ ಕಡೆ ತಿರುಗಿದರು, ಆವಲಪ್ಪ, ಒಂದು ಮೊಳ ಅಂದ್ಯಲ್ಲ, ನನ್ನ ಮೊಳ ಸಾಕಾ ನೋಡು, ಅನ್ನುತ್ತ ತಮ್ಮದೇ ನೆತ್ತಿಯ ಹೆಂಚಿನ ಮೇಲೆ ಮೊಳಕೈ ಊರಿ, ಮುಂಗೈ ನೆಟ್ಟಗೆ ನಿಲ್ಲಿಸಿ, ಬೆರಳ ತುದಿಗೆ ದಾರ ಸುತ್ತಿ ಎಳೆದು ಹಿಡಿದರು, ಆವಲಪ್ಪ ಒಂದು ಕಣ್ಣು ಮುಚ್ಚಿ ನೋಡಿದ, ಸಾಕು ಗೌಡ್ರೆ, ಹಂಗೇ ಇರಿ, ಗೂಟ ತರ್ತೀನಿ, ತರುತ್ತಾನೆ, ತರಲಿ, ಹುಳು ಹಸಿದಿವೆ, ಸೊಪ್ಪು ಆಯ್ದುಕೊಳ್ಳಬೇಕು, ಕಣ್ಣು ಯಾಕೋ ಮಂಜಾಗುತ್ತಿದೆ, ಹೋಗಬೇಕು — ಹೆಂಚಿನ ಮೇಲೆ ನೆಟ್ಟಗೆ ನಿಂತ ಆ ಮುದಿ ಕೈ, ಬೆರಳ ತುದಿಯಲ್ಲಿ ಕೆಂಪು ದಾರ, ನಡುಗದ ದಾರ.