ಆಕ್ಷೇಪಣೆಗೆ ಕೊನೆಯ ಶುಕ್ರವಾರ

ಕ್ಲೆಮ್ ಡ್ರೇಯರ್ ತನ್ನ ದೊಡ್ಡಿಯಲ್ಲಿ ಕುರಿಗಳಿಗೆ ಹುಳದ ಮದ್ದು ಕುಡಿಸುತ್ತ ಸೀಟಿ ಹೊಡೆಯುತ್ತಿದ್ದ. ಸಂಜೆ ಐದಕ್ಕೆ ಅವನು ಸೋಲುವವನಿದ್ದ. ಅದು ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

ಪಶ್ಚಿಮ ವಿಕ್ಟೋರಿಯಾದ ನಮ್ಮ ಬಯಲಿನಲ್ಲಿ ಗಾಳಿಯಂತ್ರ ನಿಲ್ಲಿಸಲು ಕಂಪನಿಯೊಂದು ವರ್ಷಗಟ್ಟಲೆ ಒದ್ದಾಡುತ್ತಿದೆ. ಅನುಮತಿ ಸಿಕ್ಕಾಗಲೆಲ್ಲ ಕ್ಲೆಮ್ ಟ್ರಿಬ್ಯೂನಲ್ ಎಂಬ ನ್ಯಾಯಮಂಡಳಿಗೆ ಮೇಲ್ಮನವಿ ಹಾಕುತ್ತಾನೆ. ಮೊದಲು ಬಾಯಿ ಬಿಡುವುದಿಲ್ಲ; ಗಟ್ಟಿ ಸಾಕ್ಷಿಯನ್ನು ಬಚ್ಚಿಟ್ಟುಕೊಂಡು ಮಂಡಳಿಯೆದುರೇ ಬಿಚ್ಚುತ್ತಾನೆ. ಹಾಗೆ ಎರಡು ಸಲ ಗೆದ್ದಿದ್ದ. ಊರಿನಲ್ಲಿ ಯಂತ್ರಗಳನ್ನು ವಿರೋಧಿಸುವವರೆಲ್ಲ ಅವನ ಹಾದಿಯನ್ನೇ ಹಿಡಿದಿದ್ದಾರೆ.

ಆ ಯಂತ್ರಗಳಲ್ಲಿ ಮೂರು ನಮ್ಮ ಹೊಲದಲ್ಲಿ ಬರಬೇಕಿತ್ತು. ನನ್ನ ಗಂಡ ಲಿಂಡ್ಸೆಯ ಸೊಂಟದ ಕೀಲು ಸವೆದುಹೋಗಿದೆ. ಆದರೂ ಆಗಸ್ಟ್‌ನ ಚಳಿಯಲ್ಲಿ ಕುರಿಗಳು ಮರಿ ಹಾಕುವಾಗ ಕೆಸರಿನಲ್ಲಿ ಮಂಡಿಯೂರುವವನು ಅವನೇ. ಯಂತ್ರಗಳು ಬಂದರೆ ಬಾಡಿಗೆಯಲ್ಲೇ ಬದುಕು ಸಾಗುತ್ತದೆ, ಕುರಿ ಮಾರಿ ಅವನನ್ನು ಒಲೆಯ ಪಕ್ಕ ಕೂರಿಸಬಹುದು. ನನಗೆ ಬೇಕಾಗಿದ್ದುದು ಅದೊಂದೇ. ಅದಕ್ಕೇ ಮೆಲ್ಬರ್ನ್‌ಗೆ ಹೋಗಿ, ಈ ಮೇಲ್ಮನವಿಯ ಕುಣಿತ ನಿಲ್ಲಿಸಿ ಎಂದು ಅಧಿಕಾರಿಗಳ ಮುಂದೆ ಗಂಟಲು ಹರಿದುಕೊಂಡು ಬಂದಿದ್ದೆ. ಕಾನೂನು ಬದಲಾಯಿತು. ಈಗ ಮಂಡಳಿಯಿಲ್ಲ, ಮೇಲ್ಮನವಿಯಿಲ್ಲ. ಗಡುವಿನೊಳಗೆ ಆಕ್ಷೇಪಣೆ ಕೊಡಬೇಕು, ಮಂತ್ರಿ ತೀರ್ಮಾನ ಮಾಡುತ್ತಾರೆ, ಅಲ್ಲಿಗೆ ಮುಗಿಯಿತು.

ಹಿಂದಿನ ದಿನ, ನಾನು ಕ್ಯಾಪ್ಟನ್ ಆಗಿರುವ ಊರಿನ ಸ್ವಯಂಸೇವಕ ಅಗ್ನಿದಳದ ಶೆಡ್ಡಿನಲ್ಲಿ ಕ್ಲೆಮ್ ಲಾರಿ ಒರೆಸುತ್ತ, "ಈಗ ಯಾಕೆ ಬರೀಲಿ? ನನ್ನ ತುರುಪು ಟ್ರಿಬ್ಯೂನಲ್‌ನಲ್ಲಿ ಬೀಳುತ್ತೆ," ಅಂದಾಗ ಹೊಸ ಕಾನೂನು ಅವನಿಗೆ ಗೊತ್ತೇ ಇಲ್ಲವೆಂದು ಹೊಳೆಯಿತು. ಕಂಪನಿಯ ಹುಡುಗಿ ಟ್ಯಾಮ್ಸಿನ್‌ಗೆ ಫೋನ್ ಮಾಡಿ, ಅವನಿಗೆ ತಿಳಿಸಬೇಡವೇ ಎಂದೆ.

"ಪೇಪರಲ್ಲಿ ಹಾಕಿದೀವಿ ನೆರಿಡಾ, ವೆಬ್‌ಸೈಟಲ್ಲೂ ಇದೆ. ಅವ್ರು ಓದ್ಲಿಲ್ಲ ಅಂದ್ರೆ ನಿಮ್ಮ ತಪ್ಪಲ್ಲ. ನೀವು ಸುಮ್ನಿದ್ಬಿಡಿ."

ಸುಮ್ಮನಿದ್ದೆ. ಶುಕ್ರವಾರ ಮಧ್ಯಾಹ್ನದ ಊಟವನ್ನು ಅರ್ಧಕ್ಕೇ ಬಿಟ್ಟೆ. ಕೊನೆಗೆ ನನ್ನ ಮೇಲೇ ಸಿಟ್ಟು ಬಂದು ಗಾಡಿ ಹತ್ತಿ ಅವನ ದೊಡ್ಡಿಗೆ ಬಂದೆ.

ಕ್ಲೆಮ್ ತಲೆಯೆತ್ತಿ ನೋಡಿದ. "ಏನು ಕ್ಯಾಪ್ಟನ್ನಮ್ಮ, ಸಂಧಾನಕ್ಕೆ ಬಂದ್ಯಾ?"

"ಟ್ರಿಬ್ಯೂನಲ್ ಇಲ್ಲ ಕ್ಲೆಮ್. ಕಾನೂನು ಬದಲಾಗಿದೆ. ಇವತ್ತು ಐದರೊಳಗೆ ಕೊಡದೇ ಇದ್ರೆ ನಿನ್ನ ಮಾತು ಯಾರೂ ಕೇಳಲ್ಲ."

ಅವನು ನಕ್ಕುಬಿಟ್ಟ. "ಕಂಪನಿಯವ್ರು ಕಳಿಸಿದ್ರಾ? ನನ್ನ ಇಸ್ಪೀಟ್ ಎಲೆ ಈಗ್ಲೇ ಬಿಚ್ಚಿಸಿ, ಅದಕ್ಕೆ ಉತ್ತರ ಹುಡ್ಕಿಟ್ಕೊಳ್ಳೋಕೆ?"

"ಯಾರೂ ಕಳಿಸಿಲ್ಲ."

"ನಿನ್ನ ಹೊಲದಲ್ಲಿ ಮೂರು ನಿಲ್ಲುತ್ತೆ. ನನಗೆ ಒಳ್ಳೇದು ಮಾಡೋಕೆ ಬಂದೆ ಅಂದ್ರೆ ನನ್ನ ಕುರಿಗಳೂ ನಂಬಲ್ಲ."

"ಶೈರ್ ಕೌನ್ಸಿಲ್ ಆಫೀಸಿಗೆ ಫೋನ್ ಮಾಡಿ ಕೇಳು."

"ಅವ್ರೂ ನಿಮ್ಮ ಕಡೆಯವ್ರೇ. ಹೋಗು ನೆರಿಡಾ, ನನಗೆ ಕೆಲ್ಸ ಇದೆ." ಹೀಗಂದವನೇ ಬೆನ್ನು ತಿರುಗಿಸಿದ.

ಕತ್ತೆ ಮುಂಡೇದು ಹಾಳಾಗಿ ಹೋಗಲಿ ಎಂದುಕೊಂಡು ಗಾಡಿಯಲ್ಲಿ ಕುಳಿತೆ. ಹೊರಟುಬಿಡಬಹುದಿತ್ತು. ಹೇಳಿದ್ದಾಗಿತ್ತು, ಯಾರೂ ನನ್ನತ್ತ ಬೆರಳು ತೋರಿಸುವಂತಿರಲಿಲ್ಲ. ಆದರೆ ಅವನು ನಂಬುವುದಿಲ್ಲವೆಂದು ನನಗೆ ಹೊರಡುವಾಗಲೇ ಗೊತ್ತಿತ್ತಲ್ಲ? ನಂಬದ ಹಾಗೆ ಹೇಳುವುದೂ ಹೇಳದೇ ಇರುವುದೂ ಒಂದೇ.

ಗಾಡಿಯಲ್ಲಿ ಅಗ್ನಿದಳದ ರೇಡಿಯೊ ಇತ್ತು. ನಮ್ಮಲ್ಲಿ ಬೇಲಿಯ ಜಗಳಕ್ಕೆ ಮಾತು ಬಿಟ್ಟವರಿದ್ದಾರೆ, ಚುನಾವಣೆಗೆ ಹೊಡೆದಾಡಿದವರಿದ್ದಾರೆ. ಆದರೆ ಆ ರೇಡಿಯೊದಲ್ಲಿ ಇದುವರೆಗೆ ಯಾರೂ ಸುಳ್ಳು ಹೇಳಿಲ್ಲ, ತಮಾಷೆಗೂ ಹೇಳಿಲ್ಲ. ಅಲ್ಲಿ ಕೇಳಿದ ಮಾತನ್ನು ನಂಬಿ ಜನ ಬೆಂಕಿಯೊಳಗೆ ನುಗ್ಗುತ್ತಾರೆ. ಸ್ವಂತ ವ್ಯವಹಾರಕ್ಕೆ ಅದನ್ನು ಮುಟ್ಟಿದರೆ ಕ್ಯಾಪ್ಟನ್ ಪದವಿ ಹೋಗುತ್ತದೆ. ಆ ನಿಯಮ ಓದಿ ಹೇಳುವವಳೂ ನಾನೇ. ಗುಂಡಿ ಒತ್ತಿದೆ.

"ಕ್ಯಾಪ್ಟನ್ ಹ್ಯಾಲ್ಡೇನ್ ಮಾತಾಡ್ತಿರೋದು. ಬೆಂಕಿ ಇಲ್ಲ. ಕ್ಲೆಮ್ ಡ್ರೇಯರ್‌ಗೆ ಹೇಳ್ತಿದೀನಿ, ಎಲ್ಲರೂ ಕೇಳಿಸ್ಕೊಳ್ಳಿ. ಗಾಳಿಯಂತ್ರದ ವಿಚಾರಕ್ಕೆ ಇನ್ಮೇಲೆ ಟ್ರಿಬ್ಯೂನಲ್ ಇಲ್ಲ. ಆಕ್ಷೇಪಣೆಗೆ ಇವತ್ತು ಸಂಜೆ ಐದೇ ಕೊನೆ. ಇದು ನಿಜ."

ದೊಡ್ಡಿಯ ಪಕ್ಕ ನಿಂತಿದ್ದ ಕ್ಲೆಮ್‌ನ ಗಾಡಿಯೊಳಗಿಂದ ನನ್ನದೇ ದನಿ ಕೇಳಿಸಿತು. ಸೀಟಿ ನಿಂತಿತು. ಆಮೇಲೆ ರೇಡಿಯೊದಲ್ಲಿ ಯಾರೋ ಒಬ್ಬರು, ಬೆಂಕಿಯ ದಿನ ಹೇಳುವ ಹಾಗೆ, "ಕೇಳಿಸಿತು," ಅಂದರು.

ಕ್ಲೆಮ್ ಬೇಲಿ ದಾಟಿ ಬಂದ. ಮುಖ ಬಿಳಿಚಿಕೊಂಡಿತ್ತು. "ಎಷ್ಟು ಹೊತ್ತಿದೆ?"

"ಒಂದು ಗಂಟೆಯೂ ಇಲ್ಲ. ಏನಿದೆ ನಿನ್ನ ಹತ್ರ?"

ಅವನು ಗಾಡಿಯೊಳಗೆ ನನ್ನ ಪಕ್ಕ ಕುಳಿತು ತನ್ನ ಫೋನು ತೆಗೆದ. ಫೋಟೊಗಳಿದ್ದವು. ಜೊಂಡಿನ ನಡುವೆ ಗೂಡು, ಗೂಡಿನ ಮೇಲೆ ಉದ್ದ ಕಾಲಿನ, ಕೆಂಪು ತಲೆಯ ಬ್ರೋಲ್ಗಾ ಕೊಕ್ಕರೆ. ಕಂಪನಿಯವರು ಬರಗಾಲದ ವರ್ಷದಲ್ಲಿ ಸಮೀಕ್ಷೆಗೆ ಬಂದು, ಕೊಕ್ಕರೆಯೇ ಇಲ್ಲವೆಂದು ಬರೆದುಕೊಂಡು ಹೋಗಿದ್ದರು. ಈ ಸಲ ಜೌಗು ತುಂಬಿತ್ತು. ಬ್ರೋಲ್ಗಾ ಅಪರೂಪವಾಗಿರುವುದರಿಂದ ಅದರ ಗೂಡಿನ ಹತ್ತಿರ ಯಂತ್ರ ನಿಲ್ಲಿಸುವಂತಿಲ್ಲ. ಹೊಸ ಕಾನೂನಿನಲ್ಲೂ ಅದು ಹಾಗೇ ಉಳಿದಿದೆ.

"ಯಾವ ಜೌಗು ಇದು?" ಎಂದೆ. ಕೇಳುವಾಗಲೇ ಅಂಚಿನ ಒಣಮರದ ಗುರುತು ಸಿಕ್ಕಿತ್ತು.

"ನಿಮ್ಮ ಹಿಂದಿನ ಹೊಲಕ್ಕೆ ಅಂಟ್ಕೊಂಡಿರೋದು." ಕ್ಲೆಮ್ ನನ್ನ ಕಡೆ ನೋಡಲಿಲ್ಲ. "ನಿಮ್ಮ ಮೂರೂ ಹೋಗುತ್ತೆ, ನೆರಿಡಾ."

"ಉಳಿದದ್ದು?"

"ನಿಲ್ಲಬಹುದು. ನಮ್ಮ ಅಡುಗೆಮನೆ ಎದುರಿಗೆ ಬರೋವೂ ನಿಲ್ಲಬಹುದು. ಟ್ರಿಬ್ಯೂನಲ್ ಇದ್ದಿದ್ರೆ ಇದನ್ನೇ ಹಿಡ್ಕೊಂಡು ಎಲ್ಲಾ ಎಳೆದಾಡ್ತಿದ್ದೆ." ಫೋನು ನನ್ನ ಕೈಗಿಟ್ಟು ಹೇಳಿದ: "ನನಗೆ ಆ ವೆಬ್‌ಸೈಟ್ ತೆರೆಯೋಕೆ ಬರಲ್ಲ. ಇನ್ನೂ ಕಳಿಸ್ತೀಯಾ?"

ಆ ಕ್ಷಣ ಅವನನ್ನೂ ಕೊಕ್ಕರೆಯನ್ನೂ ಮನಸಾರೆ ದ್ವೇಷಿಸಿದೆ. ಊರಿಗೆಲ್ಲ ಕೇಳುವಂತೆ ಬಾಯಿ ಬಿಟ್ಟ ಮೇಲೆ ಈಗ ಸಿಗ್ನಲ್ ಇಲ್ಲ ಎನ್ನಲೇ? ಅವನು ಹೇಳಿದಂತೆ ಬರೆದೆ, ಫೋಟೊ ಸೇರಿಸಿದೆ. ಗಡುವು ಮುಗಿಯುವ ಮೊದಲು ನನ್ನ ಹೆಬ್ಬೆರಳೇ ಒತ್ತಿತು. ಸ್ವೀಕರಿಸಲಾಗಿದೆ ಎಂದು ಬಂತು. ಕ್ಲೆಮ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ.

ಮನೆಗೆ ಬಂದಾಗ ಲಿಂಡ್ಸೆ ಅಡುಗೆಮನೆಯಲ್ಲಿದ್ದ. ಕಪಾಟಿನ ಮೇಲಿನ ಅಗ್ನಿದಳದ ರೇಡಿಯೊ ಇನ್ನೂ ಗುಂಯ್‌ಗುಡುತ್ತಿತ್ತು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಕೊಕ್ಕರೆ, ಜೌಗು, ನಮ್ಮ ಮೂರು ಯಂತ್ರ. ಬೈಯುತ್ತಾನೆಂದು ಕಾದೆ. ಬೈದಿದ್ದರೆ ತಿರುಗಿ ಬೈಯಲು ನನ್ನಲ್ಲಿ ಬೇಕಾದಷ್ಟು ಮಾತಿತ್ತು.

ಅವನು ಮೇಜಿಗೆ ಕೈಯೂರಿ ಎದ್ದ. ಬೂಟು ಹಾಕಿಕೊಳ್ಳಲು ಬಗ್ಗಿದ, ಆಗಲಿಲ್ಲ, ಮತ್ತೆ ಬಗ್ಗಿದ. ಸಹಾಯಕ್ಕೆ ಹೋದೆ, ಬೇಡವೆಂದು ಕೈ ಅಡ್ಡ ಹಿಡಿದ.

"ನೀನು ಮಾಡಿದ್ದು ಸರೀನೇ. ನಾನಾದ್ರೂ ಅದನ್ನೇ ಮಾಡ್ತಿದ್ದೆ," ಅಂದ. "ಆದ್ರೆ ಕ್ಲೆಮ್‌ಗೋಸ್ಕರ ಊರಿಗೆಲ್ಲಾ ಹೇಳ್ದೆ. ಕಳಿಸೋ ಗುಂಡಿ ಒತ್ತೋಕೆ ಮುಂಚೆ ನನಗೊಂದು ಫೋನ್ ಮಾಡ್ಬೇಕು ಅನ್ನಿಸ್ಲಿಲ್ವಾ?"

ಹೊರಗೆ ಕುರಿಯೊಂದು ನೋವಿನಿಂದ ಕೂಗುತ್ತಿತ್ತು. ಅವನು ಬಾಗಿಲು ತೆರೆದು, ಗೋಡೆ ಹಿಡಿದುಕೊಂಡು, ಮೆಟ್ಟಿಲಿಳಿದು ಅದರ ಕಡೆ ಹೋದ.