ಟಾರ್ಬೆಟ್‌ಗೆ ದನಿ ಕೊಟ್ಟವನು

"ಅದನ್ನ ಒಳಗೆ ತರಬೇಡಿ," ಎಂದು ಡಾಗ್ನಿ ಚರ್ಚಿನ ಬಾಗಿಲಿಗೆ ಅಡ್ಡ ನಿಂತಳು.

ಟಾರ್ಬೆಟ್ ರೇಡಿಯೋ ನಾಟಕದ ಖರ್ಚು ಹೊರುತ್ತಿದ್ದ ಬ್ಲೇಡ್ ಕಂಪನಿಯ ವಿಟ್ಲಾಕ್ ಗ್ರಾಮಫೋನ್ ಪೆಟ್ಟಿಗೆಯನ್ನು ತಬ್ಬಿಕೊಂಡು ಮೆಟ್ಟಿಲ ಮೇಲೆ ಏದುಸಿರು ಬಿಡುತ್ತಿದ್ದ. ಲಾಸ್ ಏಂಜಲೀಸಿನ ಬಿಸಿಲು ಬೆಳಗ್ಗೆಯೇ ಚುರುಗುಟ್ಟುತ್ತಿತ್ತು. ಅವನ ಬೆನ್ನಿಗೆ, ರೇಡಿಯೋ ಸ್ಟುಡಿಯೋದಲ್ಲಿ ಬಾಗಿಲು, ಗುಂಡು, ಹೆಜ್ಜೆಗಳ ಸದ್ದು ಮಾಡುತ್ತಿದ್ದ ಮುದುಕ ಪೆಕಾರ್ಸ್ಕಿ ದೊಡ್ಡದೊಂದು ಗ್ರಾಮಫೋನ್ ತಟ್ಟೆಯನ್ನು ಎದೆಗವಚಿಕೊಂಡು ನಿಂತಿದ್ದ.

"ಒಂದೇ ಒಂದು ಸಾಲು ಕಣಮ್ಮಾ," ಎಂದ ವಿಟ್ಲಾಕ್. "ಪ್ರತಿ ಗುರುವಾರ ದೇಶಕ್ಕೆ ದೇಶವೇ ಕಾದು ಕೂತು ಕೇಳ್ತಿದ್ದ ಸಾಲು." ದನಿಯನ್ನು ಗಂಟಲ ತಳಕ್ಕಿಳಿಸಿ, ಬಾಯಿಯ ಒಂದು ಮಗ್ಗುಲಿಂದ ಅದನ್ನು ಹೇಳಿಯೂ ಬಿಟ್ಟ. "'ಬಾಗಿಲು ಹಾಕ್ಕೊಂಡು ಮಲಕ್ಕೋ, ಗೆಳೆಯಾ. ಬೀದಿ ನನಗಿರಲಿ.'"

"ಒಳಗೆ ಮಲಗಿರೋರು ನಮ್ಮಪ್ಪ, ಹಾಲ್ವರ್ ನೀಗಾರ್ಡ್. ಪತ್ತೇದಾರ ಟಾರ್ಬೆಟ್ ಅಲ್ಲ."

"ಜನ ಬಂದಿರೋದು ಟಾರ್ಬೆಟ್‌ಗೋಸ್ಕರ ಅಲ್ವೇನಮ್ಮಾ?"

"ಟೀವೀಲಿ ಇದ್ದಾನಲ್ಲ ನಿಮ್ಮ ಚೌಕ ದವಡೆಯೋನು, ಹೋಗಿ ಅವನನ್ನ ನೋಡ್ಲಿ."

ವಿಟ್ಲಾಕ್ ಬೂಟಿನ ತುದಿ ನೋಡಿಕೊಂಡ. ಟೆಲಿವಿಷನ್ ಬಂದಾಗ, ಕುಳ್ಳನೆಯ, ಬೋಳುತಲೆಯ ಹಾಲ್ವರ್‌ನನ್ನು ಕೈಬಿಟ್ಟು ಆ ಪಾತ್ರವನ್ನು ಬೇರೊಬ್ಬನಿಗೆ ಕೊಟ್ಟವರಲ್ಲಿ ಅವನೂ ಒಬ್ಬ.

ಡಾಗ್ನಿಯ ತಾಯಿ ಸಿಗ್ನೆ ಒಳಗಿಂದ ಬಂದು ಮಗಳ ಮೊಣಕೈ ಹಿಡಿದಳು. "ಹಾಕಿದ್ರೆ ಹಾಕಲಿ ಬಿಡೇ. ಎಲ್ಲಾ ನಿಂತು ನೋಡ್ತಿದಾರೆ."

"ಬೇಡಮ್ಮ."

"ಸರಿ, ನಿನ್ನಿಷ್ಟ."

ಚರ್ಚು ಕಿಕ್ಕಿರಿದಿತ್ತು. ಹಿಂದಿನ ಬೆಂಚುಗಳಲ್ಲಿ ಟ್ಯಾಕ್ಸಿ ಓಡಿಸುವವರು, ಹೋಟೆಲಿನಲ್ಲಿ ಬಡಿಸುವ ಹುಡುಗಿಯರು, ಯಾರ್ಯಾರೋ. ಪಾಸ್ಟರ್ ಬೈಬಲ್ ಓದುವಾಗ ಡಾಗ್ನಿ ಕಣ್ಣು ಮುಚ್ಚಿ, ಅಪ್ಪ ಊಟಕ್ಕೆ ಮುಂಚೆ ನಾರ್ವೆಯ ಭಾಷೆಯಲ್ಲಿ ಹೇಳುತ್ತಿದ್ದ ಪ್ರಾರ್ಥನೆಯನ್ನು ನೆನೆದಳು. ಒಂದೊಂದು ಪದವೂ ನೆನಪಿತ್ತು. ಆದರೆ ಅವು ಬಂದದ್ದು ಟಾರ್ಬೆಟ್‌ನ ದನಿಯಲ್ಲಿ, ಬಾಯಿಯ ಒಂದು ಮಗ್ಗುಲಿಂದ. ಮತ್ತೆ ಮತ್ತೆ ಪ್ರಯತ್ನಿಸಿದಳು. ಅಪ್ಪ ಸತ್ತ ಸುದ್ದಿ ಕೇಳಿದಾಗಿನಿಂದಲೂ ಹೀಗೇ. ಅವನ ಅಂಗಿಯ ವಾಸನೆ, ಬೆರಳಿನ ಗಂಟುಗಳು ಎಲ್ಲ ಇದ್ದವು. ಸ್ವಂತ ದನಿಯೊಂದು ಮಾತ್ರ ಅವಳ ಕಿವಿಯಿಂದ ಅಳಿಸಿಹೋಗಿತ್ತು.

*

ಸಿಯಾಟಲ್‌ನ ಅವಳ ಮನೆಗೆ ಭಾನುವಾರ ಮಧ್ಯಾಹ್ನ ಟ್ರಂಕ್ ಕರೆ ಬರುತ್ತಿತ್ತು. ಗಂಟೆ ಬಡಿದದ್ದೇ ತಡ, ಮಕ್ಕಳಿಬ್ಬರೂ ಒಬ್ಬರನ್ನೊಬ್ಬರು ತಳ್ಳಿಕೊಂಡು ಓಡುತ್ತಿದ್ದರು.

"ತಾತ, ಟಾರ್ಬೆಟ್ ಥರ ಮಾತಾಡು!"

ಆ ಕಡೆಯಿಂದ ಗೊಗ್ಗರು ದನಿ ಕೇಳಿಸುತ್ತಿತ್ತು. "ಕೈ ಮೇಲೆತ್ತು, ಮರಿ ಕಳ್ಳ. ಬಿಸ್ಕತ್ತಿನ ಡಬ್ಬಿ ಖಾಲಿ ಮಾಡಿದ್ಯಾರು?" ಮಕ್ಕಳು ಕಿಲಕಿಲ ನಗುತ್ತಿದ್ದರು. ಇಡೀ ವಾರದಲ್ಲಿ ಡಾಗ್ನಿಗೆ ಬಿಡುವಾಗಿ ಸಿಗುತ್ತಿದ್ದುದು ಅದೊಂದೇ ಗಳಿಗೆ. ಬೋಗುಣಿಗಳನ್ನು ಉಜ್ಜಿ, ಒಲೆಯ ಮೇಲೆ ಅಂಟಿದ್ದ ಜಿಡ್ಡು ಕೆರೆಯುತ್ತಿದ್ದಳು. ಮಕ್ಕಳು, "ಅಮ್ಮನ್ನ ಕರೀಬೇಕಂತೆ," ಎಂದು ಕೂಗಿದರೆ ಸಾಬೂನು ನೊರೆಯ ಕೈಯೆತ್ತಿ ತೋರಿಸುತ್ತಿದ್ದಳು. "ಮುಂದಿನ ವಾರ ಮಾತಾಡ್ತೀನಿ ಅಂತ ಹೇಳು. ಇನ್ನೂ ಒಂದು ಕತೆ ಕೇಳಿಸ್ಕೊಳ್ಳಿ."

ತಾತ ಹೇಳುತ್ತಿದ್ದ. ಇಲ್ಲ ಎನ್ನುವ ಮನುಷ್ಯನೇ ಅಲ್ಲ ಅವನು. ಕಟುಕ ಹಳಸಿದ ಮಾಂಸ ಕೊಟ್ಟರೆ ವಾಪಸು ಮಾಡಲು ನಾಚಿ, ಹಿತ್ತಲಲ್ಲಿ ಹೂತು ಬಂದು, "ತಿಂದೆ" ಎಂದವನು. ಟಾರ್ಬೆಟ್ ವಿಸ್ಕಿ ಕುಡಿಯುವ ದೃಶ್ಯಗಳಲ್ಲಿ ಹೊಟ್ಟೆಹುಣ್ಣಿನ ಹಾಲ್ವರ್ ಕುಡಿಯುತ್ತಿದ್ದುದು ಉಗುರುಬೆಚ್ಚಗಿನ ಹಾಲು.

*

ಸಮಾಧಿ ಮುಗಿಸಿ ಬಂದವರು ಮನೆಯ ಊಟದ ಮೇಜಿನ ಸುತ್ತ ನೆರೆದರು. ಚರ್ಚಿನ ಹೆಂಗಸರು ಹಂದಿಮಾಂಸದ ಹೋಳು, ಆಲೂಗಡ್ಡೆಯ ಸಲಾಡು, ಮೂರು ಬಗೆಯ ಕೇಕು ತಂದಿಟ್ಟಿದ್ದರು. ಕಾಫಿ ಒಳಗಿಳಿದಂತೆ ನಾಲಗೆಗಳೂ ಸಡಿಲಾದವು. ಪಕ್ಕದ ಮನೆಯವನು ಟಾರ್ಬೆಟ್‌ನಂತೆ ಹ್ಯಾಟು ವಾರೆ ಮಾಡಿದ. ಯಾರೋ ಟಾರ್ಬೆಟ್‌ನಂತೆ ಕೇಕು ಕೇಳಿದರು. ಅಪ್ಪನಂತೆ ಮಾತ್ರ ಯಾರೂ ಮಾತಾಡಲಿಲ್ಲ.

ಡಾಗ್ನಿ ತಡೆಯಲಾರದೆ ತಾಯಿಯ ಕಿವಿಯಲ್ಲಿ ಕೇಳಿದಳು. "ಅಮ್ಮ, ಅಪ್ಪನ ದನಿ ಹೇಗಿತ್ತು?"

"ಹೇಗಿತ್ತು ಅಂದ್ರೆ?" ಸಿಗ್ನೆ ಕೈಯಲ್ಲಿದ್ದ ಎಂಜಲು ತಟ್ಟೆಗಳೊಂದಿಗೆ ನಿಂತುಬಿಟ್ಟಳು. "ಸಣ್ಣಗಿತ್ತು. ಮೆತ್ತಗೆ... ಅದನ್ನೆಲ್ಲ ಹೇಳಕ್ಕೆ ಬರತ್ತೇನೇ?" ಎಂದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು.

ಜನ ಕರಗಿದ ಮೇಲೂ ಮುದುಕಿಯೊಬ್ಬಳು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು. ಡಾಗ್ನಿ ಕಾಫಿ ಬಗ್ಗಿಸಿದಳು.

"ನೀವು ಅಪ್ಪನಿಗೆ ಪರಿಚಯವಾ?"

"ಇಲ್ಲ ಕಣಮ್ಮ. ನಾನು ಮಿಸೆಸ್ ಕಲ್‌ಪೆಪರ್, ಸ್ಯಾನ್ ಪೆಡ್ರೋದಿಂದ ಬಸ್ಸಲ್ಲಿ ಬಂದೆ. ಯುದ್ಧದಲ್ಲಿ ನಮ್ಮೋರು ಹಡಗಲ್ಲಿದ್ರು, ಮನೇಲಿ ನಾನೊಬ್ಬಳೇ. ಗುರುವಾರ ನಿಮ್ಮಪ್ಪ ಆ ಮಾತು ಹೇಳಿದ ಮೇಲೇ ನಾನು ಚಿಲಕ ಹಾಕ್ತಿದ್ದಿದ್ದು. ಆ ಒಂದು ರಾತ್ರಿ ಕಣ್ತುಂಬ ನಿದ್ದೆ."

"ನಿಮ್ಮ ಯಜಮಾನ್ರು ವಾಪಸ್ ಬಂದ್ರಾ?"

"ಬಂದ್ರು. ಬಂದ್ಮೇಲೂ ನಂಗೆ ರೇಡಿಯೋ ಬೇಕೇ ಬೇಕು. 'ನಾನು ಪಕ್ಕದಲ್ಲೇ ಬಿದ್ದಿದ್ದೀನಿ, ಅವನ್ಯಾವನೋ ಬೀದಿ ಕಾಯೋನು!' ಅಂತ ಹೊಟ್ಟೆ ಉರ್ಕೊಳ್ಳೋರು." ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಅವರೂ ಹೋದ್ರು. ಇವತ್ತು ಚರ್ಚಲ್ಲಿ ಆ ಮಾತು ಕೇಳಿಸ್ತಾರೇನೋ ಅಂದ್ಕೊಂಡಿದ್ದೆ. ಇರಲಿ ಬಿಡಮ್ಮ."

ಡಾಗ್ನಿಗೆ ಮುಖವೆತ್ತಲಾಗಲಿಲ್ಲ. ಮೂಲೆಯಲ್ಲಿ ಕೇಕು ಮೆಲ್ಲುತ್ತಿದ್ದ ಪೆಕಾರ್ಸ್ಕಿಯ ಬಳಿಗೆ ಹೋದಳು.

"ಬೆಳಗ್ಗೆ ತಂದಿದ್ದ ಆ ತಟ್ಟೆ ಇದೆಯಾ?"

"ಕಾರಲ್ಲಿದೆ. ಪೆಟ್ಟಿಗೇನೂ ಇದೆ. ಯಾಕೆ ಮಗೂ, ಬೇಡ ಅಂದಿದ್ಯಲ್ಲ?"

"ಅವರಿಗೆ ಹಾಕಿ."

ಪೆಕಾರ್ಸ್ಕಿ ಪೆಟ್ಟಿಗೆ ತಂದು ತೆರೆದು, ಗ್ರಾಮಫೋನಿನ ಮುಳ್ಳನ್ನು ತಟ್ಟೆಯ ಕೊನೆಯ ಗೆರೆಗಳ ಮೇಲಿಟ್ಟ. ಒದ್ದೆ ರಸ್ತೆಯಲ್ಲಿ ಹೆಜ್ಜೆಗಳು ಕೇಳಿಸಿದವು.

"ಇದು ನಾನು," ಎಂದ ಪೆಕಾರ್ಸ್ಕಿ. "ನಿಮ್ಮಪ್ಪನ ಬೂಟಿಗೆ ಸದ್ದೇ ಇರಲಿಲ್ಲ."

ಹೆಜ್ಜೆಗಳು ನಿಂತವು. ಒಂದು ಗಳಿಗೆ ಮೌನ. ಆಮೇಲೆ ಟಾರ್ಬೆಟ್ ಹೇಳಿದ. "ಬಾಗಿಲು ಹಾಕ್ಕೊಂಡು ಮಲಕ್ಕೋ, ಗೆಳೆಯಾ. ಬೀದಿ ನನಗಿರಲಿ."

ಮಿಸೆಸ್ ಕಲ್‌ಪೆಪರ್ ಕರವಸ್ತ್ರದಿಂದ ಮೂಗೊರೆಸಿಕೊಂಡು, ಡಾಗ್ನಿಯ ಕೆನ್ನೆ ಸವರಿ, ಕತ್ತಲಾಗುವ ಮುಂಚೆ ಬಸ್ಸು ಹಿಡಿಯಬೇಕೆಂದು ಹೊರಟಳು. ಪೆಕಾರ್ಸ್ಕಿ ಪೆಟ್ಟಿಗೆ ಮುಚ್ಚಲು ಬಗ್ಗಿದ.

"ತಡೀರಿ," ಎಂದಳು ಡಾಗ್ನಿ. "ಮಾತಿಗಿಂತ ಮುಂಚೆ ಏನೋ ಕೇಳಿಸ್ತಲ್ಲ?"

"ಅದಾ? ಅವನ ಹಾಳು ಮೂಗು. ಎಷ್ಟು ಸಲ ಬೈದಿದ್ದೀನಿ, 'ಹಾಲ್ವರ್, ನಿನ್ನ ಉಸಿರು ಮೈಕಿಗೆ ಬೀಳ್ತಿದೆ ಕಣಯ್ಯಾ' ಅಂತ. ಪಾಪ, ಮುಖ ಆ ಕಡೆ ತಿರುಗಿಸೋನು. ಆದ್ರೂ ಬೀಳ್ತಿತ್ತು."

ಡಾಗ್ನಿ ಮುಳ್ಳನ್ನು ತಾನೇ ಎತ್ತಿ ಹಿಂದಕ್ಕಿಟ್ಟಳು. ಹೆಜ್ಜೆ, ಹೆಜ್ಜೆ, ಮೌನ. ಆ ಮೌನದೊಳಗೆ ಮೂಗಿನಿಂದ ಒಳಕ್ಕೆಳೆದ ಒಂದು ಉಸಿರು, ಸಣ್ಣ ಸಿಳ್ಳೆಯಂತೆ. ಅವಳು ಚಿಕ್ಕವಳಿದ್ದಾಗ ಮಲಗುವ ಕೋಣೆಯ ಬಾಗಿಲ ಆಚೆ, ಏಳಿಸಲೋ ಬೇಡವೋ ಎಂದು ನಿಂತವನ ಉಸಿರು. ದೂರದ ಟ್ರಂಕ್ ಕರೆಯಲ್ಲಿ, ಮಕ್ಕಳ ನಗು ಮುಗಿದ ಮೇಲೆ, ಅವಳು ಬಂದಾಳೆಂದು ಕಾದವನ ಉಸಿರು.

ಟಾರ್ಬೆಟ್ ಬಾಯಿ ತೆರೆಯುವ ಮೊದಲೇ ಅವಳು ಮುಳ್ಳೆತ್ತಿದಳು.

ಮತ್ತೆ ಇಟ್ಟಳು. ಹೆಜ್ಜೆ, ಹೆಜ್ಜೆ, ಉಸಿರು.

ಅಡುಗೆಮನೆಯಲ್ಲಿ ನಲ್ಲಿ ನಿಂತಿತು. "ಬಂದೇ, ಏನೂಂದ್ರೆ?" ಎನ್ನುತ್ತ ಸಿಗ್ನೆ ಬಾಗಿಲಿಗೆ ಬಂದಳು. ಬಂದವಳು ಅಲ್ಲೇ ನಿಂತಳು. ಒದ್ದೆ ಕೈಗಳಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಡಾಗ್ನಿಯ ಬೆರಳು ಮುಳ್ಳನ್ನು ಗಾಳಿಯಲ್ಲಿ ಎತ್ತಿ ಹಿಡಿದಿತ್ತು, ಅದರ ಕೆಳಗೆ ತಟ್ಟೆ ಸದ್ದಿಲ್ಲದೆ ಸುತ್ತುತ್ತಲೇ ಇತ್ತು.