ಕೊಪ್ಪರಿಗೆಯಲ್ಲಿ ಹುಟ್ಟಿದವನು

"ಮೃತರ ವಯಸ್ಸೆಷ್ಟು?" ದರ್ಭೆಯ ಕಟ್ಟು ಬಿಚ್ಚುತ್ತ ಪುರೋಹಿತರು ಕೇಳಿದರು.

"ಯಾವ ಲೆಕ್ಕದಲ್ಲಿ ಹೇಳುವುದು ಭಟ್ರೇ?" ಎಂದಳು ಡೊಂಬಿವಲಿಯಿಂದ ಆಗತಾನೇ ಬಂದಿದ್ದ, ಸತ್ತವನ ತಂಗಿ ಸತ್ಯಭಾಮಾ, ಮೂಗು ಒರೆಸಿಕೊಳ್ಳುತ್ತ. "ಮೊದಲ ಹುಟ್ಟಿನದ್ದಾದರೆ ಐವತ್ತೆಂಟು. ಎರಡನೆಯದ್ದಾದರೆ ಹನ್ನೊಂದು."

ಐರೋಲಿಯ ಆ ಫ್ಲ್ಯಾಟಿನಲ್ಲಿ, ಹೆಣದ ಎದುರಿನಲ್ಲೇ, ಒಂದಿಬ್ಬರು ನಕ್ಕುಬಿಟ್ಟರು. ನಕ್ಕ ತಪ್ಪಿಗೆ ಜೋರಾಗಿ ಕೆಮ್ಮಿದರು. ತಾರಾನಾಥನೆಂದರೆ ಹಾಗೆಯೇ. ಬದುಕಿದ್ದಾಗಲೂ ತಾನಿದ್ದ ಕಡೆ ಯಾರನ್ನೂ ಮುಖ ಗಂಟಿಕ್ಕಿಕೊಂಡು ಕೂರಲು ಬಿಟ್ಟವನಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸ್ವರ್ಣಲತಾ ಮಾತ್ರ ನಗಲಿಲ್ಲ. ಅವಳು ತಾರಾನಾಥನ ಅಣ್ಣ ಶ್ರೀಪತಿ ರಾಯರ ಹೆಂಡತಿ. ಮೊನ್ನೆಯಷ್ಟೇ ಅಸ್ಸಾಮಿನಿಂದ ಬಂದಿದ್ದ ಮೈದುನನನ್ನು ಬೆಳಿಗ್ಗೆ ಕಾಫಿಗೆ ಕರೆದು, ಏಳದಿದ್ದಾಗ ಮುಟ್ಟಿ ನೋಡಿದವಳೂ ಅವಳೇ.

"ಬಾಯಿಗೆ ತುಳಸಿ ನೀರು ಬಿಡುವವರು ಸಾಲಾಗಿ ಬನ್ನಿ," ಎಂದಳು ಸತ್ಯಭಾಮಾ. "ಹತ್ತಿರದವರು ಮೊದಲು. ಶ್ರೀಪತಿಯಣ್ಣ, ಮತ್ತೆ ನಾನು, ಮತ್ತೆ ನನ್ನ ಮಗ ಸಂದೇಶ. ಅತ್ತಿಗೆ, ನೀವು ಕೊನೆಗೆ ಬಂದ್ರಾಯ್ತು. ಬಂದವರಿಗೆ ಕುಡೀಲಿಕ್ಕೆ ಎಂತದಾದ್ರೂ ಕೊಡಿ."

ಅತ್ತಿಗೆಯ ಸರದಿ ಕೊನೆಗೇ, ನಿಜ. ಆದರೂ ಆ ಮಾತು ಚುಚ್ಚಿತು. ಇವತ್ತು ತೀರಿಕೊಂಡದ್ದು ತನ್ನ ಮೈದುನನೋ, ಮಗನೋ? ಇಷ್ಟು ವರ್ಷ ಯಾರನ್ನೂ, ಅವನನ್ನೂ ಸಹ, ಅವಳು ಬಾಯಿಬಿಟ್ಟು ಕೇಳಿರಲಿಲ್ಲ.

*

ಠಾಣೆ ಶಹರದ ನಾಕಾದಲ್ಲಿ, ರಸ್ತೆಗಳು ಕೂಡುವಲ್ಲಿ, ಶ್ರೀಪತಿ ರಾಯರ ಹೋಟೆಲು. ತಮ್ಮ ಅಲ್ಲಿ ದೋಸೆ ಹುಯ್ಯುತ್ತಿದ್ದ. ಒಂದು ದಿನ ಕಾವಲಿಯ ಮೇಲಿದ್ದ ದೋಸೆಯನ್ನು ಮಗುಚಿ ಹಾಕಿ, "ಈಗ ಬಂದೆ" ಎಂದು ಹೋದವನು ಬರಲಿಲ್ಲ. ಹನ್ನೆರಡು ವರ್ಷ ಸುದ್ದಿಯಿಲ್ಲದವನು ಸತ್ತ ಲೆಕ್ಕವೇ ಎಂದರು ಹಿರಿಯರು. ತಾನು ಕಣ್ಣು ಮುಚ್ಚುವ ಮೊದಲು ಮಗನಿಗೊಂದು ಗತಿ ಕಾಣಿಸಿ ಎಂದು ಮುದಿ ತಾಯಿ ಅತ್ತರು. ದರ್ಭೆಯ ಬೊಂಬೆ ಮಾಡಿ, ತಾರಾನಾಥನೆಂದು ಕರೆದು ಸುಟ್ಟರು. ಹದಿಮೂರನೆಯ ದಿನದ ಊಟವೂ ಆಯಿತು. ತಾಯಿಯೂ ಹೋದರು.

ಎರಡು ಸಾವಿರದ ಮೂರರಲ್ಲಿ, ಮಧ್ಯಾಹ್ನದ ಗದ್ದಲದ ನಡುವೆ, ಉಣ್ಣೆ ಟೋಪಿಯವನೊಬ್ಬ ಗಲ್ಲಾದ ಎದುರು ನಿಂತು, "ಸಾಂಬಾರಿಗೆ ಕೊತ್ತಂಬರಿ ಸಾಲದು ಅಣ್ಣ" ಎಂದ. ಜಮ್ಮುವಿನಿಂದ ದಿಬ್ರುಗಢದವರೆಗೆ ದೋಸೆ ಕಾವಲಿ ಇದ್ದಲ್ಲೆಲ್ಲ ಕೆಲಸ ಮಾಡಿ, ಸಂಬಳ ಕೈಗೆ ಬಂದ ಕೂಡಲೇ ಮುಂದಿನ ಊರಿಗೆ ನಡೆದವನು. ಎರಡು ಅಂಗಿ, ಹಿಡಿಯಲಾರದಷ್ಟು ಕತೆ, ಇಷ್ಟೇ ಅವನ ಆಸ್ತಿ.

ಕ್ರಿಯೆ ಆದವನು ಮನೆ ಸೇರಬೇಕಾದರೆ ಮತ್ತೆ ಹುಟ್ಟಬೇಕು ಎಂದರು ಭಟ್ಟರು. ತುಪ್ಪದ ಪಾತ್ರೆಯೇ ಗರ್ಭವಂತೆ. ಅಷ್ಟು ತುಪ್ಪಕ್ಕೆ ಎಲ್ಲಿಗೆ ಹೋಗುವುದು? ಸಾಂಬಾರಿನ ಕೊಪ್ಪರಿಗೆಗೆ ನೀರು ತುಂಬಿ ಮೇಲೊಂದು ಸೌಟು ತುಪ್ಪ ಬಿಟ್ಟರು. "ಒಲೆ ಮಾತ್ರ ಹಚ್ಚಬೇಡ ಮಾರಾಯ" ಎನ್ನುತ್ತ ತಾರಾನಾಥ ಒಳಗೆ ಮುದುಡಿ ಕೂತ.

ಹುಟ್ಟಿದವನಿಗೆ ತಾಯಿ ಬೇಕಲ್ಲ! "ನನಗೆ ಹೆತ್ತದ್ದೇ ಸಾಕು" ಎಂದು ಸತ್ಯಭಾಮಾ ಜಾರಿಕೊಂಡಳು. ಮಕ್ಕಳಿಲ್ಲದ ಸ್ವರ್ಣಲತಾಳನ್ನು ಎಲ್ಲರೂ ಮುಂದೆ ತಳ್ಳಿದರು. ನೀರು ಸೋರುವ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಅವಳು ಕಿವಿಯಲ್ಲಿ ಹೆಸರು ಹೇಳಿದಳು. ಹೆಂಗಸರು ಜೋಗುಳ ಹಾಡುತ್ತ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳೂ ನಕ್ಕಳು. ನಗದಿದ್ದವನು ಅವನೊಬ್ಬನೇ.

ಅಂದಿನಿಂದ ಅವನು ಅತ್ತಿಗೆ ಎನ್ನುವುದನ್ನು ಬಿಟ್ಟು ಅಮ್ಮ ಎಂದ. ಮನೆಮಂದಿಗೆಲ್ಲ ಅದೊಂದು ತಮಾಷೆ. ತಿಂಗಳೊಳಗೆ ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಲಾರಿಯವರ ಸ್ನೇಹ ಮಾಡಿಕೊಂಡು ಮತ್ತೆ ಹೊರಟ. ಕಾಲಿನ ಚಕ್ರ ಎರಡನೆಯ ಜನ್ಮಕ್ಕೂ ಬಂದಿತ್ತು. ಆದರೆ ಈಗ ಪ್ರತಿ ಊರಿನಿಂದ ಫೋನು. "ಅಮ್ಮ, ಇಲ್ಲಿ ನದಿ ಎಷ್ಟು ಅಗಲ ಗೊತ್ತುಂಟಾ? ಆಚೆ ದಡವೇ ಕಾಣುದಿಲ್ಲ." ಪಕ್ಕದ ಮುಂಬ್ರಾ ದಾಟಿ ಹೋಗಲು ಪುರುಸೊತ್ತಿಲ್ಲದ ಸ್ವರ್ಣಲತಾ, ಒಗ್ಗರಣೆ ಸೀಯುವುದನ್ನೂ ಮರೆತು ಬ್ರಹ್ಮಪುತ್ರವನ್ನು ನೋಡುತ್ತಿದ್ದಳು.

*

"ಮಾಮಿ, ಗಾಡಿ ನೀಚೆ ಆ ಗಯೀ," ಎಂದು ಶವದ ಗಾಡಿ ಕೆಳಗೆ ಬಂದದ್ದನ್ನು ತಿಳಿಸುತ್ತ ಸಂದೇಶ ಮೇಲೆ ಬಂದ. ಅವನ ಹಿಂದೆಯೇ ಹೆಗಲ ಮೇಲೆ ಟವೆಲು ಹಾಕಿಕೊಂಡ ಗಟ್ಟಿಮುಟ್ಟಿನ ಗಂಡಸೊಬ್ಬ ಬಂದು, ಹೆಣ ನೋಡಿ ಬಾಗಿಲಲ್ಲೇ ಕೂತು ಅತ್ತ. ಕಳಂಬೋಲಿಯ ಲಾರಿ ಡ್ರೈವರ್ ಮಾಪಣ್ಣ. ತಾರಾನಾಥ ಊರೂರು ಸುತ್ತುತ್ತಿದ್ದದ್ದು ಅವನ ಲಾರಿಯಲ್ಲೇ.

ಸ್ವಲ್ಪ ಹೊತ್ತಿಗೆ ಮುಖ ಒರೆಸಿಕೊಂಡು ಸುತ್ತ ನೋಡಿದ. "ತಾರಾನಾಥಣ್ಣನ ಅವ್ವ ಎಲ್ಲದಾಳ್ರೀ?"

"ಅಮ್ಮನಾ?" ಎಂದಳು ಸತ್ಯಭಾಮಾ. "ಅವರು ಹೋಗಿ ಎಷ್ಟೋ ವರ್ಷ ಆಯ್ತಲ್ಲ."

"ಹೆಂಗಾಗ್ತದ್ರೀ?" ಮಾಪಣ್ಣ ತಬ್ಬಿಬ್ಬಾದ. "ಹೊಸ ಊರು ಬಂತಂದ್ರ ಗಾಡಿ ಬದಿಗ್ ನಿಲ್ಲಿಸು, ಅವ್ವಗ ಫೋನ್ ಮಾಡಬೇಕು ಅಂತಿದ್ದ. ಹೋದ ಬ್ಯಾಸಿಗ್ಯಾಗ ನಾಗಪುರದಾಗ ನನ್ ಬಿಟ್ಟು ಇಳದು ಹಿಂದಕ್ ಬಂದ ನೋಡ್ರಿ. ಅವ್ವಗ ಜ್ವರ ಬಂದಾವಂತ, ದನಿ ಸರಿ ಇಲ್ಲ, ನಾ ಹೋಗ್ತೀನಂದ. ಕಾಶ್ಮೀರದ ಟ್ರಿಪ್ ಅದು. ಬ್ಯಾಡಂದ್ರೂ ಕೇಳಲಿಲ್ಲ."

ಲೋಟಗಳನ್ನು ಹಿಡಿದು ನಿಂತಿದ್ದ ಸ್ವರ್ಣಲತಾಳಿಗೆ ಆ ಬೇಸಿಗೆ ನೆನಪಾಯಿತು. ಆ ಸಲ ಇದ್ದಕ್ಕಿದ್ದಂತೆ ಬಂದು ಗಂಜಿ ಮಾಡಿಕೊಟ್ಟಿದ್ದ. ಯಾಕೆ ಬಂದೆಯೋ ಎಂದರೆ, "ದಾರಿ ಬೇಜಾರಾಯ್ತು ಅಮ್ಮ" ಎಂದಿದ್ದ. ದಾರಿ ಬೇಜಾರಾಗಲು ಅವನೇನು ಬೇರೆಯವರಂತೆಯೇ? ಹಸಿ ಸುಳ್ಳು. ಆಗ ಹೊಳೆಯಲೇ ಇಲ್ಲ. ಅವಳ ಗಂಟಲಿನಿಂದ ದೊಡ್ಡದೊಂದು ಅಳು ಹೊರಟಿತು. ಬೆಳಿಗ್ಗೆಯಿಂದ ಅವಳು ಅತ್ತದ್ದು ಅದೇ ಮೊದಲು.

ತಮ್ಮನ ತಲೆಯ ಬಳಿ ಕೂತಿದ್ದ ಶ್ರೀಪತಿ ರಾಯರು ತುಳಸಿ ನೀರಿನ ಚಮಚ ಎತ್ತಿದ್ದರು. ಎತ್ತಿದ ಕೈ ಹಾಗೆಯೇ ನಿಂತಿತು. ಹೆಂಡತಿಯನ್ನು ನೋಡಿದರು. ಚಮಚವನ್ನು ಮತ್ತೆ ತಂಬಿಗೆಯಲ್ಲಿಟ್ಟು, ಮಂಡಿನೋವಿನಲ್ಲಿ ನೆಲಕ್ಕೆ ಕೈಯೂರಿ ಎದ್ದರು.

"ಬಾ," ಎಂದರು. "ಮೊದಲು ನೀನು."

ಸತ್ಯಭಾಮಾ ಬದಿಗೆ ಸರಿದಳು. ಸ್ವರ್ಣಲತಾ ಲೋಟಗಳನ್ನು ನೆಲದ ಮೇಲಿಟ್ಟು, ಎಲ್ಲರನ್ನೂ ದಾಟಿ ಬಂದು ಕೂತಳು. ಚಮಚದ ನೀರು ಒಳಗಿಳಿಯದೆ ತುಟಿಯ ಅಂಚಿನಿಂದ ಗಲ್ಲಕ್ಕೆ ಹರಿಯಿತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಅವನ ಬಾಯಿ ಒರೆಸಿದಳು, ಆಮೇಲೆ ಗಲ್ಲ, ಆಮೇಲೆ ಕತ್ತಿನ ಮಡಿಕೆ.